ತಗಡಿನ ಡಬ್ಬಿಯೂ ಎಂಜಿನಿಯರ್ ಡಾಂಕಿನ್ನನೂ

ತೋಟವಿದ್ದ ಮನೆಗೆ ಫಲವಸ್ತುಗಳ ಕೊರತೆಯಿಲ್ಲ. ಕೊರತೆ ಇರುವುದು ಅವನ್ನು ಉಳಿಸಿಕೊಳ್ಳುವ ಉಪಾಯಕ್ಕೆ. ಹಲಸು ಹಣ್ಣಾಗತೊಡಗಿದರೆ ಮರದಲ್ಲಿರುವುದೆಲ್ಲ ಒಟ್ಟಿಗೇ ಹಣ್ಣಾಗುತ್ತದೆ. ಅನಾನಸು ಬಂದರೆ ರಾಶಿ ಬೀಳುತ್ತದೆ. ಮನೆಮಂದಿ ತಿಂದು, ನೆರೆಹೊರೆಗೆ ಹಂಚಿ, ದನಗಳಿಗೂ ಹಾಕಿ, ಉಳಿದದ್ದು ಮರದ ಬುಡದಲ್ಲೇ ಕೊಳೆಯುತ್ತದೆ. ನಾಲ್ಕು ತಿಂಗಳು ಕಳೆದ ಮೇಲೆ ಅದೇ ಹಣ್ಣನ್ನು ಕಾಸು ಕೊಟ್ಟರೂ ಕಾಣಲಾಗದು.

ನಮ್ಮ ಹಿರಿಯರು ಇದಕ್ಕೆ ಉಪಾಯ ಹುಡುಕದೆ ಕುಳಿತವರಲ್ಲ. ಬಿಸಿಲು, ಉಪ್ಪು, ಬೆಲ್ಲ, ಹೊಗೆ ಈ ನಾಲ್ಕರ ಬಲದಿಂದ ಹಪ್ಪಳ, ಉಪ್ಪುಸೊಳೆ, ಮಿಡಿ ಉಪ್ಪಿನಕಾಯಿ, ಹಲಸಿನ ಬೆರಟಿ ಮೊದಲಾದವನ್ನು ಮಾಡಿ ಮಳೆಗಾಲವನ್ನು ದಾಟಿಸಿದರು. ನಾವು ಬೆಳೆಯುವ ಕಾಫಿ, ಅಡಿಕೆಗಳೂ ಒಣಗಿಸಿ ಉಳಿಸುವ ವಸ್ತುಗಳೇ ಅಲ್ಲವೇ? ಆದರೆ ಈ ಎಲ್ಲ ಉಪಾಯಗಳಲ್ಲೂ ವಸ್ತುವಿನ ಮೂಲರುಚಿ ಬದಲಾಗುತ್ತದೆ. ಬೇಯಿಸಿದ ಪದಾರ್ಥವನ್ನು ಬೇಯಿಸಿದ ಹಾಗೆಯೇ, ಒಣಗಿಸದೆ, ಉಪ್ಪಿನಲ್ಲಿ ಮುಳುಗಿಸದೆ ವರ್ಷಗಟ್ಟಲೆ ಇಟ್ಟುಕೊಳ್ಳುವ ವಿದ್ಯೆ ಮನುಷ್ಯನಿಗೆ ದೊರೆತು ಇನ್ನೂ 200 ವರ್ಷಕ್ಕೆ ಸ್ವಲ್ಪ ಮೇಲಾಗಿದೆ, ಅಷ್ಟೆ. ಇಂದು ಅಂಗಡಿಯ ಹಲಗೆಯ ಮೇಲೆ ಸಾಲಾಗಿ ಕಾಣುವ ಡಬ್ಬಿಗಳು ಆ ವಿದ್ಯೆಯ ಫಲ. ತಗಡಿನ ಡಬ್ಬಿಯಲ್ಲಿ ಅದನ್ನು ಮೊದಲು ಕಾರ್ಖಾನೆಯ ಕೆಲಸವಾಗಿ ಮಾಡಿ ತೋರಿಸಿದವನು ಅಡಿಗೆಯವನಲ್ಲ, ವೈದ್ಯನಲ್ಲ, ಯಂತ್ರ ಕಟ್ಟುವ ಒಬ್ಬ ಎಂಜಿನಿಯರ್. ಆತನ ಹೆಸರು ಬ್ರಯನ್ ಡಾಂಕಿನ್.

ಈ ಕಥೆಯಲ್ಲಿ ಬೆಳೆಗಾರರು ತಿಳಿಯಬೇಕಾದ ವಿಷಯಗಳು ಹಲವಿವೆ. ಮಾಲಿನ ಗುಣವನ್ನು ಕಾಯ್ದುಕೊಂಡವನಿಗೆ ಏನು ದಕ್ಕಿತು, ಅದನ್ನು ಕಾಯದವನಿಂದ ಯಾರು ಯಾರು ಕೆಟ್ಟರು ಎಂಬುದೂ ಅವುಗಳಲ್ಲೊಂದು.

ಮಿಠಾಯಿಗಾರನ ಬಾಟಲಿ

ಡಾಂಕಿನ್ನನಿಗಿಂತ ಮೊದಲು ನೆನೆಯಬೇಕಾದವನು ಫ್ರಾನ್ಸಿನ ನಿಕೊಲಾ ಅಪೇರ್. 1749ರಲ್ಲಿ ಹುಟ್ಟಿದ ಈತನ ತಂದೆ ಛತ್ರದ ಮಾಲಿಕ. ಮಗ ಅಡಿಗೆ, ಮಿಠಾಯಿ ಕೆಲಸಗಳನ್ನು ಕಲಿತು 1784ರಲ್ಲಿ ಪ್ಯಾರಿಸಿನಲ್ಲಿ ಮಿಠಾಯಿ ಅಂಗಡಿ ಇಟ್ಟ. ಸಕ್ಕರೆಪಾಕದಲ್ಲಿ ಹಣ್ಣು ಉಳಿಯುವುದನ್ನು ದಿನವೂ ನೋಡುತ್ತಿದ್ದ ಈತನಿಗೆ, ಸಕ್ಕರೆಯಿಲ್ಲದೆಯೂ ಹಣ್ಣು, ತರಕಾರಿ, ಮಾಂಸ, ಹಾಲುಗಳನ್ನು ಉಳಿಸಲಾಗದೇ ಎಂಬ ಯೋಚನೆ ಹತ್ತಿತು. ಹಲವು ವರ್ಷಗಳ ಪ್ರಯೋಗದಿಂದ ಆತ ಕಂಡುಕೊಂಡ ಕ್ರಮ ಬಹಳ ಸರಳ. ಅಗಲ ಬಾಯಿಯ ಗಟ್ಟಿ ಗಾಜಿನ ಬಾಟಲಿಯಲ್ಲಿ ಪದಾರ್ಥ ತುಂಬುವುದು, ಬಿರಡೆಯನ್ನು ಗಾಳಿಯಾಡದಂತೆ ಬಿಗಿದು ತಂತಿಯಿಂದ ಕಟ್ಟುವುದು, ಬಾಟಲಿಯನ್ನು ನೀರಿನ ಹಂಡೆಯಲ್ಲಿಟ್ಟು ಪದಾರ್ಥಕ್ಕೆ ತಕ್ಕಷ್ಟು ಹೊತ್ತು ಕುದಿಸುವುದು. ಇಷ್ಟೇ.

ಪ್ಯಾರಿಸಿನ ಸಮೀಪದ ಮಾಸಿ ಎಂಬಲ್ಲಿ ಈತ ಕಾರ್ಖಾನೆ ತೆರೆದ. ಫ್ರಾನ್ಸಿನ ನೌಕಾಪಡೆ ಈತನ ಬಾಟಲಿಗಳನ್ನು ಪರೀಕ್ಷಿಸಿ ಮೆಚ್ಚಿತು. ಆಗ ನೆಪೋಲಿಯನ್ನನ ಯುದ್ಧಗಳ ಕಾಲ. ಸೈನ್ಯಕ್ಕೂ ಹಡಗಿಗೂ ಕೆಡದ ಆಹಾರ ಬೇಕಾಗಿತ್ತು. 1810ರಲ್ಲಿ ಸರ್ಕಾರ ಅಪೇರನಿಗೆ 12,000 ಫ್ರಾಂಕುಗಳ ಬಹುಮಾನ ಕೊಟ್ಟಿತು. ತನ್ನ ಕ್ರಮವನ್ನು ಪುಸ್ತಕವಾಗಿ ಅಚ್ಚು ಹಾಕಿಸಿ ಎಲ್ಲರಿಗೂ ತಿಳಿಸಬೇಕೆಂಬುದೇ ಅದರ ಷರತ್ತು. ಅಪೇರ್ ಹಾಗೆಯೇ ಮಾಡಿದ. ಪೇಟೆಂಟನ್ನೂ ಪಡೆಯಲಿಲ್ಲ. ವಿದ್ಯೆ ಲೋಕದ ಸೊತ್ತಾಯಿತು.

ಆದರೆ ಗಾಜಿನ ಬಾಟಲಿಗೆ ಒಂದು ದೊಡ್ಡ ದೋಷವಿತ್ತು. ಬೇಯುವಾಗ ಒಡೆಯುವುದು, ಸಾಗಣೆಯಲ್ಲಿ ಒಡೆಯುವುದು, ಹಡಗು ತೂಗಾಡಿದಾಗ ಒಡೆಯುವುದು. ಒಡೆಯದ ಪಾತ್ರೆ ಬೇಕಾಗಿತ್ತು. ಅದು ಸಿದ್ಧವಾದದ್ದು ಸಮುದ್ರದ ಆಚೆ, ಶತ್ರುದೇಶವಾದ ಇಂಗ್ಲೆಂಡಿನಲ್ಲಿ.

ಪೇಟೆಂಟು ಬಂದ ದಾರಿ

1810ರ ಆಗಸ್ಟ್ ತಿಂಗಳಲ್ಲಿ ಲಂಡನ್ನಿನ ವ್ಯಾಪಾರಿ ಪೀಟರ್ ಡ್ಯುರಾಂಡ್ ಎಂಬಾತ ಒಂದು ಪೇಟೆಂಟು ಪಡೆದ. ಆಹಾರವನ್ನು ಗಾಜು, ಮಣ್ಣು, ತವರ ಅಥವಾ ಬೇರೆ ತಕ್ಕ ಲೋಹದ ಪಾತ್ರೆಗಳಲ್ಲಿ ಮುಚ್ಚಿ ಬೇಯಿಸಿ ಉಳಿಸುವ ಕ್ರಮ ಅದರಲ್ಲಿತ್ತು. ಈ ವಿಚಾರ ತನ್ನದಲ್ಲ, ಪರದೇಶದಲ್ಲಿರುವ ಒಬ್ಬ ವ್ಯಕ್ತಿ ತನಗೆ ತಿಳಿಸಿದ್ದು ಎಂದು ಡ್ಯುರಾಂಡ್ ಪೇಟೆಂಟಿನಲ್ಲೇ ಬರೆದುಕೊಂಡಿದ್ದ. ಆ ವ್ಯಕ್ತಿ ಫ್ರಾನ್ಸಿನ ಶೋಧಕ ಫಿಲಿಪ್ ದ ಗಿರಾರ್ ಎಂದು ಬಹಳ ಕಾಲದ ನಂತರ ಸಂಶೋಧಕರು ಕಂಡುಹಿಡಿದರು. ಎರಡು ದೇಶಗಳ ನಡುವೆ ಯುದ್ಧ ನಡೆಯುತ್ತಿದ್ದುದರಿಂದ ಆತ ತನ್ನ ಹೆಸರನ್ನು ಮುಂದೆ ಮಾಡುವಂತಿರಲಿಲ್ಲ.

ಡ್ಯುರಾಂಡ್ ಸ್ವತಃ ಡಬ್ಬಿಯ ಕಾರ್ಖಾನೆ ಹಾಕಲಿಲ್ಲ. ಆತ ಇಂಗ್ಲೆಂಡಿನ ಪೇಟೆಂಟನ್ನು 1,000 ಪೌಂಡಿಗೆ ಮಾರಿದ. ಅದನ್ನು ಕೊಂಡು ಕೆಲಸಕ್ಕಿಳಿದವರು ಬ್ರಯನ್ ಡಾಂಕಿನ್, ಆತನ ಷಡ್ಡಕ ಜಾನ್ ಹಾಲ್ ಮತ್ತು ಜಾನ್ ಗ್ಯಾಂಬಲ್ ಎಂಬ ಮೂವರು.

ಇಲ್ಲಿ ಒಂದು ಮಾತು. ಪೇಟೆಂಟಿನ ಕಾಗದದಲ್ಲಿ ತವರದ ಪಾತ್ರೆ ಎಂಬ ಶಬ್ದವಿತ್ತೇ ಹೊರತು, ಅಂಥ ಪಾತ್ರೆಯನ್ನು ಸಾವಿರಗಟ್ಟಲೆ ಮಾಡಿ, ಒಂದೂ ಸೋರದಂತೆ ಮುಚ್ಚಿ, ಒಂದೂ ಕೆಡದಂತೆ ಬೇಯಿಸುವುದು ಹೇಗೆಂಬ ಅನುಭವ ಯಾರಿಗೂ ಇರಲಿಲ್ಲ. ಸಸಿಯ ಚೀಟಿ ಕೈಯಲ್ಲಿದ್ದರೆ ತೋಟವಾಗುವುದಿಲ್ಲ. ಗುಂಡಿ ತೋಡಿ, ನೆಟ್ಟು, ನೆರಳು ಮಾಡಿ, ನೀರೆರೆದು ಕಾಯಬೇಕು. ಆ ಕಾಯುವ ಕೆಲಸವನ್ನು ಡಾಂಕಿನ್ ಮಾಡಿದ.

ಡಾಂಕಿನ್ ಯಾರು?

ಬ್ರಯನ್ ಡಾಂಕಿನ್ 1768ರಲ್ಲಿ ಇಂಗ್ಲೆಂಡಿನ ಉತ್ತರಭಾಗದ ನಾರ್ತಂಬರ್ಲೆಂಡಿನಲ್ಲಿ ಹುಟ್ಟಿದ. ತಂದೆ ಜಮೀನುಗಳ ಮೇಲ್ವಿಚಾರಣೆ ನೋಡುವವನು. ಮಗನೂ ಮೊದಲು ಅದೇ ಕೆಲಸಕ್ಕೆ ಸೇರಿದನಾದರೂ ಮನಸ್ಸೆಲ್ಲ ಯಂತ್ರಗಳ ಮೇಲೆ. ಹೀಗಾಗಿ ಡಾರ್ಟ್‌ಫರ್ಡ್ ಎಂಬಲ್ಲಿ ಜಾನ್ ಹಾಲನ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ನಿಂತ.

ಆತನ ಮೊದಲ ದೊಡ್ಡ ಸಾಧನೆ ಕಾಗದದ ಯಂತ್ರ. ಅದುವರೆಗೆ ಕಾಗದವನ್ನು ಒಂದೊಂದೇ ಹಾಳೆಯಾಗಿ ಕೈಯಿಂದ ಮಾಡಬೇಕಿತ್ತು. ಉದ್ದನೆಯ ಸುರುಳಿಯಾಗಿ ಕಾಗದ ಮಾಡುವ ಯಂತ್ರವನ್ನು ಕಲ್ಪಿಸಿ 1799ರಲ್ಲಿ ಪೇಟೆಂಟು ಪಡೆದವನು ಫ್ರಾನ್ಸಿನ ನಿಕೊಲಾ ಲೂಯಿ ರೊಬೇರ್. ಅದನ್ನು ಇಂಗ್ಲೆಂಡಿಗೆ ತಂದವನು ಮೇಲೆ ಹೇಳಿದ ಜಾನ್ ಗ್ಯಾಂಬಲ್. ಹಣ ಹಾಕಿದವರು ಫೋರ್‌ಡ್ರಿನಿಯರ್ ಸೋದರರು. ಆದರೆ ಅದನ್ನು ತಿದ್ದಿ, ತೀಡಿ, ನಿಜವಾಗಿ ಕಾಗದ ಹೊರಬರುವಂತೆ ಮಾಡಿದವನು ಡಾಂಕಿನ್. 1803ರ ಹೊತ್ತಿಗೆ ಆತನ ಯಂತ್ರ ಕೆಲಸ ಮಾಡತೊಡಗಿತು. ಲಂಡನ್ನಿನ ಬರ್ಮಂಡ್ಸಿ ಭಾಗದಲ್ಲಿದ್ದ ಆತನ ಕಾರ್ಖಾನೆಯಿಂದ ಮುಂದಿನ ದಶಕಗಳಲ್ಲಿ ನೂರಕ್ಕೂ ಮಿಕ್ಕಿ ಇಂಥ ಯಂತ್ರಗಳು ದೇಶವಿದೇಶಗಳಿಗೆ ಹೋದವು. ಯಂತ್ರಕ್ಕೆ ಹೆಸರು ಬಂದದ್ದು ಮಾತ್ರ ಹಣ ಹಾಕಿದವರದು. ಆ ಹಣ ಹಾಕಿದವರಾದರೂ 1810ರಲ್ಲಿ ದಿವಾಳಿಯಾದರು!

ಯಂತ್ರ ಎಷ್ಟು ವೇಗದಲ್ಲಿ ತಿರುಗುತ್ತದೆಂದು ಅಳೆಯುವ ಉಪಕರಣಕ್ಕಾಗಿ ಡಾಂಕಿನ್ನನಿಗೆ 1810ರಲ್ಲಿ ಚಿನ್ನದ ಪದಕ ದೊರೆಯಿತು. ಉಕ್ಕಿನ ಲೇಖನಿ, ಮುದ್ರಣಯಂತ್ರ, ಥೇಮ್ಸ್ ನದಿಯ ಕೆಳಗೆ ತೋಡಿದ ಸುರಂಗ ಹೀಗೆ ಅಂದಿನ ಇಂಗ್ಲೆಂಡಿನ ಅನೇಕ ಕೆಲಸಗಳಲ್ಲಿ ಆತನ ಕೈಯಿತ್ತು. ಬೇರೆಯವರ ತಲೆಯಲ್ಲಿ ಹುಟ್ಟಿದ ಅರೆಬೆಂದ ವಿಚಾರವನ್ನು ಪೂರ್ತಿ ಬೇಯಿಸಿ ಬಡಿಸುವುದರಲ್ಲಿ ಈತನನ್ನು ಮೀರಿಸಿದವರು ಕಡಿಮೆ.

ಡಬ್ಬಿ ಮಾಡಿದ ಬಗೆ

ಡಾಂಕಿನ್ ಆರಿಸಿಕೊಂಡದ್ದು ಕಬ್ಬಿಣದ ತೆಳು ತಗಡು. ಬರಿಯ ಕಬ್ಬಿಣ ತುಕ್ಕು ಹಿಡಿಯುತ್ತದೆ, ಪದಾರ್ಥದ ರುಚಿಯನ್ನೂ ಕೆಡಿಸುತ್ತದೆ. ಆದುದರಿಂದ ತಗಡಿಗೆ ಎರಡೂ ಬದಿಯಲ್ಲಿ ತವರದ ಲೇಪನವಿತ್ತು. ನಮ್ಮ ಮನೆಗಳಲ್ಲಿ ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಪದಾರ್ಥ ಇಡಬಾರದೆಂಬ ನಮ್ಮ ಅಜ್ಜಿಯರ ವಿವೇಕವೂ ಡಬ್ಬಿಯ ತವರವೂ ಒಂದೇ ತತ್ವದವು.

ತಗಡನ್ನು ಕೈಕತ್ತರಿಯಿಂದ ಕತ್ತರಿಸಿ, ಉರುಟಾಗಿ ಬಗ್ಗಿಸಿ, ಅಂಚಿಗೆ ಬೆಸುಗೆ ಹಾಕುತ್ತಿದ್ದರು. ತಳಕ್ಕೂ ಬೆಸುಗೆ. ಪದಾರ್ಥ ತುಂಬಿದ ಮೇಲೆ ಮುಚ್ಚಳಕ್ಕೂ ಬೆಸುಗೆ. ಮುಚ್ಚಳದಲ್ಲಿ ಒಂದು ಸಣ್ಣ ತೂತು ಮಾತ್ರ ಉಳಿಸುತ್ತಿದ್ದರು. ಡಬ್ಬಿಯನ್ನು ಕುದಿಯುವ ನೀರಿನಲ್ಲಿಟ್ಟಾಗ ಒಳಗಿನ ಗಾಳಿಯೂ ಆವಿಯೂ ಆ ತೂತಿನಿಂದ ಹೊರಬೀಳುತ್ತಿತ್ತು. ತಕ್ಕ ಸಮಯಕ್ಕೆ ಒಂದು ತೊಟ್ಟು ಬೆಸುಗೆಯಿಂದ ಅದನ್ನೂ ಮುಚ್ಚಿ, ಬೇಯಿಸುವ ಕೆಲಸ ಮುಗಿಸುತ್ತಿದ್ದರು. ಎಲ್ಲವೂ ಕೈಕೆಲಸವಾದ್ದರಿಂದ ನುರಿತ ಕೆಲಸಗಾರನೂ ದಿನಕ್ಕೆ ಹೆಚ್ಚು ಡಬ್ಬಿ ಮಾಡಲಾಗುತ್ತಿರಲಿಲ್ಲ. ಬೆಲೆಯೂ ಬಡವರ ಕೈಗೆ ಎಟಕುವಂಥದಲ್ಲ.

1813ರಲ್ಲಿ ಬರ್ಮಂಡ್ಸಿಯ ಕಾರ್ಖಾನೆ ಪೂರ್ತಿಯಾಗಿ ಕೆಲಸ ಆರಂಭಿಸಿತು. ಅದೇ ವರ್ಷ ರಾಜಮನೆತನದವರು ಡಬ್ಬಿಯ ಮಾಂಸವನ್ನು ರುಚಿ ನೋಡಿ ಮೆಚ್ಚಿದರೆಂಬ ಒಕ್ಕಣೆಯ ಪತ್ರ ಕಂಪೆನಿಗೆ ಬಂದಿತು. ಆದರೆ ಕಾರ್ಖಾನೆಯನ್ನು ನಿಲ್ಲಿಸಿದ್ದು ಅರಮನೆಯ ಮೆಚ್ಚುಗೆಯಲ್ಲ, ನೌಕಾಪಡೆಯ ಬೇಡಿಕೆ. ಉಪ್ಪುಹಾಕಿದ ಮಾಂಸ, ಕಲ್ಲಿನಂಥ ಒಣ ಬಿಸ್ಕತ್ತುಗಳಲ್ಲೇ ತಿಂಗಳುಗಟ್ಟಲೆ ಕಳೆಯುತ್ತಿದ್ದ ನಾವಿಕರಿಗೆ, ಅವರಲ್ಲೂ ಕಾಯಿಲೆ ಬಿದ್ದವರಿಗೆ, ಡಬ್ಬಿಯ ಮಾಂಸ ತರಕಾರಿಗಳು ದೊಡ್ಡ ಆಸರೆಯಾದವು.

ಒಂದು ತಿಂಗಳ ಪರೀಕ್ಷೆ

ನಾವು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇಲ್ಲಿದೆ. ಡಾಂಕಿನ್ನನ ಕಾರ್ಖಾನೆಯಲ್ಲಿ ಡಬ್ಬಿ ಸಿದ್ಧವಾದೊಡನೆ ಮಾರಾಟಕ್ಕೆ ಹೋಗುತ್ತಿರಲಿಲ್ಲ. ಸಿದ್ಧವಾದ ಡಬ್ಬಿಗಳನ್ನು ಬೆಚ್ಚನೆಯ ಕೋಣೆಯಲ್ಲಿ, 90ರಿಂದ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 32ರಿಂದ 43 ಡಿಗ್ರಿ ಸೆಂಟಿಗ್ರೇಡ್ ಬಿಸಿಯಲ್ಲಿ, ಕನಿಷ್ಠ ಒಂದು ತಿಂಗಳು ಇಡುತ್ತಿದ್ದರು. ಒಳಗೆ ಕೆಡುವ ಬೀಜ ಏನಾದರೂ ಉಳಿದಿದ್ದರೆ ಆ ಬಿಸಿಯಲ್ಲಿ ಅದು ಬೆಳೆಯುತ್ತಿತ್ತು, ಗಾಳಿ ಹುಟ್ಟಿ ಡಬ್ಬಿ ಉಬ್ಬುತ್ತಿತ್ತು. ಉಬ್ಬಿದ್ದನ್ನು ತೆಗೆದುಹಾಕಿ, ಉಳಿದದ್ದನ್ನು ಮಾತ್ರ ಕಳುಹಿಸುತ್ತಿದ್ದರು.

ಬಾಂಧವರೇ, ಇದರ ಬೆಲೆ ಎಷ್ಟೆಂದು ಯೋಚಿಸಿ. ಮಾಂಸಕ್ಕೆ ಹಣ ಕೊಟ್ಟಾಗಿದೆ, ತಗಡಿಗೆ ಕೊಟ್ಟಾಗಿದೆ, ಕೂಲಿ ಕೊಟ್ಟಾಗಿದೆ, ಕೋಣೆ ಬಿಸಿ ಮಾಡಲು ಸೌದೆ ಇಲ್ಲವೇ ಇದ್ದಲಿಗೂ ಕೊಡಬೇಕು. ಮಾಲು ಮಾತ್ರ ಒಂದು ತಿಂಗಳು ಕದಲುವಂತಿಲ್ಲ. ಕೆಡುವುದೇಕೆಂಬ ಕಾರಣವಾದರೂ ಆಗ ಯಾರಿಗೂ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳಿಂದ ಪದಾರ್ಥ ಕೆಡುತ್ತದೆಂದು ಲೂಯಿ ಪಾಸ್ಚರ್ ತೋರಿಸಿಕೊಟ್ಟದ್ದು ಸುಮಾರು 50 ವರ್ಷಗಳ ಅನಂತರ, 1860ರ ಸುಮಾರಿಗೆ. ಕಾರಣ ತಿಳಿಯದಿದ್ದರೂ ಫಲ ತಿಳಿಯುವ ಪರೀಕ್ಷೆಯೊಂದನ್ನು ಡಾಂಕಿನ್ನನ ಕಾರ್ಖಾನೆ ನಡೆಸಿಕೊಂಡು ಬಂದಿತು. ಕೆಟ್ಟ ಮಾಲನ್ನು ಗಿರಾಕಿ ಕಂಡುಹಿಡಿಯುವ ಮೊದಲು ತಾನೇ ಕಂಡುಹಿಡಿಯಬೇಕೆಂಬ ಹಟ ಅದರ ಹಿಂದಿತ್ತು.

ಆ ಹಟ ಜೀವ ಉಳಿಸಿದ ಕಥೆ

ಉತ್ತರಧ್ರುವದ ಕಡೆಯ ಸಮುದ್ರದಲ್ಲಿ ದಾರಿ ಹುಡುಕಲು ಹೊರಟ ಬ್ರಿಟಿಷ್ ಹಡಗುಗಳು ಈ ಬಗೆಯ ಡಬ್ಬಿಗಳನ್ನು ಕೊಂಡೊಯ್ಯುತ್ತಿದ್ದವು. ಅಂಥ ಹಡಗುಗಳಲ್ಲೊಂದಾದ 'ಫ್ಯೂರಿ' 1825ರಲ್ಲಿ ಮಂಜುಗಡ್ಡೆಗೆ ಸಿಕ್ಕಿ ಹಾಳಾಯಿತು. ನಾಯಕ ಎಡ್ವರ್ಡ್ ಪ್ಯಾರಿ ಅದರ ಸಾಮಾನುಗಳನ್ನು, ಡಬ್ಬಿಗಳ ಸಮೇತ, ದಡದಲ್ಲಿ ಇಳಿಸಿ ಇನ್ನೊಂದು ಹಡಗಿನಲ್ಲಿ ಜನರನ್ನು ಕರೆದುಕೊಂಡು ಹಿಂತಿರುಗಿದ.

ನಾಲ್ಕು ವರ್ಷಗಳ ಬಳಿಕ, 1829ರಲ್ಲಿ, ಜಾನ್ ರಾಸ್ ಎಂಬ ಇನ್ನೊಬ್ಬ ನಾಯಕ ಅದೇ ದಾರಿಯಲ್ಲಿ ಬಂದ. ದಡದ ಡಬ್ಬಿಗಳು ಹಿಮದಲ್ಲಿ, ಬಯಲಿನಲ್ಲಿ ಬಿದ್ದಿದ್ದರೂ ಒಳಗಿನ ಪದಾರ್ಥ ಕೆಟ್ಟಿರಲಿಲ್ಲ. ಮುಂದೆ ರಾಸನ ಹಡಗೂ ಮಂಜಿನಲ್ಲಿ ಸಿಕ್ಕಿಬಿದ್ದಿತು. ಅದನ್ನು ಬಿಟ್ಟು ನಡೆದು ಬಂದ ಆತನೂ ಸಂಗಡಿಗರೂ 1832-33ರ ಚಳಿಗಾಲವನ್ನು ಕಳೆದದ್ದು ಫ್ಯೂರಿಯ ಆ ದಡದಲ್ಲೇ, ಅಲ್ಲಿ ಉಳಿದಿದ್ದ ಆಹಾರದ ಆಧಾರದಿಂದಲೇ. 1833ರಲ್ಲಿ ಒಂದು ತಿಮಿಂಗಿಲ ಬೇಟೆಯ ಹಡಗು ಅವರನ್ನು ಕಂಡು ಹತ್ತಿಸಿಕೊಂಡಿತು. ಊರಿನಲ್ಲಿ ಇವರೆಲ್ಲ ಸತ್ತರೆಂದೇ ಎಣಿಸಲಾಗಿತ್ತು.

ಪ್ಯಾರಿಯ 1824ರ ಯಾನಕ್ಕೆ ಹೋಗಿ ಹಿಂದಕ್ಕೆ ಬಂದ ಒಂದು ಕರುವಿನ ಮಾಂಸದ ಡಬ್ಬಿ ಇಂಗ್ಲೆಂಡಿನಲ್ಲಿ ಹಾಗೆಯೇ ಉಳಿದಿತ್ತು. ಅದನ್ನು 1938ರಲ್ಲಿ, ಅಂದರೆ 114 ವರ್ಷಗಳ ಬಳಿಕ, ವಿಜ್ಞಾನಿಗಳು ತೆರೆದು ಪರೀಕ್ಷಿಸಿದರು. ಮಾಂಸ ಕೊಳೆತಿರಲಿಲ್ಲ. ಇಲಿಗಳಿಗೆ ತಿನ್ನಿಸಿ ನೋಡಿದರು, ಅವಕ್ಕೂ ಏನೂ ಆಗಲಿಲ್ಲ. ಅಂದಹಾಗೆ, ಈ ಡಬ್ಬಿಗಳ ಮೇಲೆ ಉಳಿಯಿಂದಲೂ ಸುತ್ತಿಗೆಯಿಂದಲೂ ಮೇಲಂಚಿನ ಸುತ್ತ ಕತ್ತರಿಸಬೇಕೆಂದು ಬರೆದಿರುತ್ತಿತ್ತು. ಡಬ್ಬಿ ತೆರೆಯುವ ಸಲಕರಣೆ ಬಂದದ್ದು 1850ರ ಬಳಿಕ. ಬೀಗ ಬಂದು 40 ವರ್ಷಗಳಾದ ಮೇಲೆ ಬೀಗದ ಕೈ ಬಂದಂತಾಯಿತು!

ಒಬ್ಬನ ಲಾಭ, ಎಲ್ಲರ ನಷ್ಟ

ಕೆಲವು ವರ್ಷಗಳಲ್ಲಿ ಡಾಂಕಿನ್ ಡಬ್ಬಿಯ ವ್ಯಾಪಾರದಿಂದ ಹಿಂದೆ ಸರಿದು ತನ್ನ ಯಂತ್ರಗಳ ಕೆಲಸಕ್ಕೆ ಮರಳಿದ. ಗ್ಯಾಂಬಲ್ ಅದನ್ನು ಮುಂದುವರಿಸಿದ. ಪೇಟೆಂಟಿನ ಅವಧಿ ಮುಗಿದಂತೆ ಹೊಸ ಹೊಸ ತಯಾರಕರು ಹುಟ್ಟಿಕೊಂಡರು. ಅವರಲ್ಲಿ ಸ್ಟೀಫನ್ ಗೋಲ್ಡ್‌ನರ್ ಎಂಬವನೊಬ್ಬ. ಮೋಲ್ಡೇವಿಯಾದ ಗಲಾಟ್ಸ್ ಎಂಬಲ್ಲಿ ದನವೂ ಕೂಲಿಯೂ ಅಗ್ಗವಾಗಿದ್ದುದರಿಂದ ಅಲ್ಲಿ ಕಾರ್ಖಾನೆ ಹಾಕಿ, ಉಳಿದವರಿಗಿಂತ ಕಡಿಮೆ ಬೆಲೆಗೆ ನೌಕಾಪಡೆಯ ಗುತ್ತಿಗೆಯನ್ನು ಹಿಡಿದ.

1845ರಲ್ಲಿ ಜಾನ್ ಫ್ರಾಂಕ್ಲಿನ್ನನ ನಾಯಕತ್ವದಲ್ಲಿ ಉತ್ತರಧ್ರುವದ ಕಡೆ ಹೊರಟ ಎರಡು ಹಡಗುಗಳಿಗೆ ಮಾಂಸದ ಡಬ್ಬಿ ಒದಗಿಸಿದವನು ಇವನೇ. ಆ ಯಾನದಲ್ಲಿ 129 ಜನ ಒಬ್ಬರೂ ಉಳಿಯದೆ ಸತ್ತರು. ಡಬ್ಬಿಯ ಬೆಸುಗೆಯ ಸೀಸ ಅವರ ಮೈಗೇರಿತೆಂದು 1980ರ ದಶಕದಲ್ಲಿ, ಅವರಲ್ಲಿ ಕೆಲವರ ಗೋರಿ ಅಗೆದು ಪರೀಕ್ಷಿಸಿದ ಸಂಶೋಧಕರು ಹೇಳಿದರು. ಅದೇ ಸಾವಿಗೆ ಮುಖ್ಯ ಕಾರಣವೆಂಬುದನ್ನು ಈಚಿನ ಸಂಶೋಧಕರು ಒಪ್ಪುವುದಿಲ್ಲ. ಹಸಿವು, ಚಳಿ, ಕಾಯಿಲೆಗಳೂ ಅಲ್ಲಿದ್ದವು. ಆ ಸಾವುಗಳ ಹೊಣೆಯನ್ನೆಲ್ಲ ಡಬ್ಬಿಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಆದರೆ ಮುಂದಿನ ಸಂಗತಿಯಲ್ಲಿ ಸಂಶಯವಿಲ್ಲ. ನೌಕಾಪಡೆ ಖರ್ಚು ಉಳಿಸಲು ದೊಡ್ಡ ಡಬ್ಬಿಗಳನ್ನು ಕೇಳಿತು. ಗೋಲ್ಡ್‌ನರ್ ಒಂಬತ್ತು ಪೌಂಡಿಗೂ ಮೀರಿದ ಡಬ್ಬಿಗಳಲ್ಲಿ ಮಾಂಸ ತುಂಬಿ ಕಳುಹಿಸತೊಡಗಿದ. ಸಣ್ಣ ಡಬ್ಬಿಗೆ ಸಾಕಾದ ಬೇಯುವಿಕೆ ದೊಡ್ಡದಕ್ಕೆ ಸಾಕಾಗಲಿಲ್ಲ. ಬಿಸಿ ನಡುಭಾಗಕ್ಕೆ ತಲುಪುವ ಮೊದಲೇ ಒಲೆಯಿಂದ ಇಳಿಸಿದಂತಾಗಿ ಹೊರಗೆ ಬೆಂದಿತು, ಒಳಗೆ ಬೇಯಲಿಲ್ಲ. 1852ರ ಜನವರಿಯಲ್ಲಿ ಪೋರ್ಟ್ಸ್‌ಮತ್ ಬಳಿಯ ಉಗ್ರಾಣದಲ್ಲಿ ಅಧಿಕಾರಿಗಳು 306 ಡಬ್ಬಿಗಳನ್ನು ತೆರೆಸಿದರು. ತಿನ್ನಲು ಯೋಗ್ಯವಾಗಿದ್ದುದು 42 ಮಾತ್ರ. ಉಳಿದವುಗಳ ದುರ್ನಾತ ತಡೆಯಲಾರದಂಥದು. ಪತ್ರಿಕೆಗಳಲ್ಲಿ ಗಲಾಟೆಯಾಯಿತು, ಪಾರ್ಲಿಮೆಂಟು ವಿಚಾರಣಾ ಸಮಿತಿ ನೇಮಿಸಿತು.

ಕೆಟ್ಟದ್ದು ಗೋಲ್ಡ್‌ನರನ ಹೆಸರು ಮಾತ್ರವೇ? ಅಲ್ಲ. ಡಬ್ಬಿಯ ಮಾಂಸ ಎಂದರೇ ಜನ ಮೂಗು ಮುಚ್ಚಿಕೊಳ್ಳುವಂತಾಯಿತು. ಮೂವತ್ತು ನಲವತ್ತು ವರ್ಷಗಳಿಂದ ಒಂದೊಂದು ಡಬ್ಬಿಯನ್ನೂ ಪರೀಕ್ಷಿಸಿ ಕಳುಹಿಸಿದವರ ಮಾಲಿಗೂ ಅದೇ ಅಪಖ್ಯಾತಿ ತಟ್ಟಿತು. ಗಿರಾಕಿಗೆ ಡಬ್ಬಿ ಕಾಣುತ್ತದೆ, ಅದರೊಳಗಿನ ಶ್ರದ್ಧೆ ಕಾಣುವುದಿಲ್ಲ.

ಸಹಕಾರಿ ಸಂಘದ ಸದಸ್ಯರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನೂರು ಬೆಳೆಗಾರರ ಪಾರ್ಚ್‌ಮೆಂಟ್ ಒಂದೇ ರಾಶಿಗೆ ಬೀಳುತ್ತದೆ. ನೂರು ಮನೆಯ ಚಾಲಿ ಅಡಿಕೆ ಒಂದೇ ಗೋದಾಮಿನಲ್ಲಿ ಕೂಡುತ್ತದೆ. ತೊಂಬತ್ತೊಂಬತ್ತು ಜನ ಕಣದಲ್ಲಿ ಸರಿಯಾಗಿ ಒಣಗಿಸಿ, ಒಬ್ಬನು ಮಾತ್ರ ತೂಕದ ಆಸೆಯಿಂದ ಹಸಿಯಾಗಿದ್ದುದನ್ನೇ ಚೀಲಕ್ಕೆ ತುಂಬಿದರೆ, ಬೂಷ್ಟು ಆ ಒಂದು ಚೀಲದಲ್ಲಿ ನಿಲ್ಲುವುದಿಲ್ಲ. ಖರೀದಿದಾರ ಹೇಳುವುದೂ ಇಂಥವರ ಮಾಲು ಕೆಟ್ಟಿತು ಎಂದಲ್ಲ, ಆ ಸಂಘದ ಮಾಲು ಕೆಟ್ಟಿತು ಎಂದು. ಗೋದಾಮಿನ ಬಾಗಿಲಲ್ಲಿ ಚೀಲ ಬಿಚ್ಚಿಸಿ ನೋಡುವವರ ಮೇಲೆ ಸಿಟ್ಟಾಗುವ ಬದಲು, ಅವರು ಮಾಡುತ್ತಿರುವುದು ಡಾಂಕಿನ್ನನ ಬೆಚ್ಚನೆಯ ಕೋಣೆಯ ಕೆಲಸವೆಂದು ತಿಳಿಯತಕ್ಕದ್ದು.

ಕುದಿಸಿದರೆ ಸಾಕೇ?

ಇನ್ನು ನಮ್ಮ ಅಡಿಗೆಮನೆಗೆ ಸಂಬಂಧಿಸಿದ ಒಂದು ಮುಖ್ಯ ಮಾತು. ಮನೆಯಲ್ಲೇ ಹಣ್ಣು ತರಕಾರಿಗಳನ್ನು ಬಾಟಲಿಗಳಲ್ಲಿ ತುಂಬಿ ಮಾರುವ ಉತ್ಸಾಹ ತೋಟದ ಮನೆಗಳಲ್ಲಿ ಹೆಚ್ಚುತ್ತಿದೆ. ಉತ್ಸಾಹ ಒಳ್ಳೆಯದೇ. ಆದರೆ ಅಪೇರನ ಬಾಟಲಿಯ ಕ್ರಮವನ್ನು ಎಲ್ಲ ಪದಾರ್ಥಗಳಿಗೂ ಅನ್ವಯಿಸುವುದು ಪ್ರಾಣಾಪಾಯ.

ಕುದಿಯುವ ನೀರಿನಲ್ಲಿ ಹೆಚ್ಚಿನ ಸೂಕ್ಷ್ಮಜೀವಿಗಳು ಸಾಯುತ್ತವೆ. ಕೆಲವು ಮಾತ್ರ ಗಟ್ಟಿ ಕವಚದ ಬೀಜಾಣುಗಳಾಗಿ ಉಳಿದುಕೊಳ್ಳುತ್ತವೆ. ಮಣ್ಣಿನಲ್ಲಿ ಸಹಜವಾಗಿ ಇರುವ ಕ್ಲಾಸ್ಟ್ರೀಡಿಯಂ ಬಾಟುಲಿನಂ ಎಂಬುದು ಇವುಗಳಲ್ಲೊಂದು. ಗಾಳಿಯಿಲ್ಲದ ಮುಚ್ಚಿದ ಪಾತ್ರೆಯೇ ಅದಕ್ಕೆ ಹಿತ. ಅಲ್ಲಿ ಬೆಳೆದು ಅದು ಉತ್ಪತ್ತಿ ಮಾಡುವ ವಿಷ ಅತಿ ಅಲ್ಪ ಪ್ರಮಾಣದಲ್ಲೂ ಕೊಲ್ಲಬಲ್ಲದು. ಬೆಲ್ಜಿಯಂ ದೇಶದ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಇದನ್ನು ಪತ್ತೆ ಮಾಡಿದ್ದು 1890ರ ದಶಕದಲ್ಲಿ. ಅದೇ ಕಾಲದಲ್ಲಿ ಅಮೆರಿಕದ ಪ್ರೆಸ್ಕಾಟ್ ಮತ್ತು ಅಂಡರ್‌ವುಡ್ ಎಂಬಿಬ್ಬರು, ಉಬ್ಬಿದ ಡಬ್ಬಿಗಳನ್ನು ಪರೀಕ್ಷಿಸಿ, ಬಿಸಿಗೆ ಜಗ್ಗದ ಬೀಜಾಣುಗಳೇ ಕೆಡುವುದಕ್ಕೆ ಕಾರಣವೆಂದೂ, ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದನ್ನು ಪದಾರ್ಥಕ್ಕೂ ಡಬ್ಬಿಯ ಗಾತ್ರಕ್ಕೂ ಅನುಸಾರವಾಗಿ ಲೆಕ್ಕಹಾಕಬೇಕೆಂದೂ ತೋರಿಸಿದರು. ಗೋಲ್ಡ್‌ನರನ ದೊಡ್ಡ ಡಬ್ಬಿ ಏಕೆ ಕೆಟ್ಟಿತೆಂಬುದಕ್ಕೆ ಆಗ ಉತ್ತರ ದೊರೆಯಿತು.

ಈ ಬೀಜಾಣು ಹುಳಿಯಲ್ಲಿ ಬೆಳೆಯುವುದಿಲ್ಲ. ಆಮ್ಲತೆಯನ್ನು ಅಳೆಯುವ ಪಿ.ಎಚ್. ಅಂಕ 4.6ಕ್ಕಿಂತ ಕೆಳಗಿರುವ ಅನಾನಸು, ನಿಂಬೆ, ಕಿತ್ತಳೆಯಂಥ ಹುಳಿಹಣ್ಣುಗಳಿಗೆ ಕುದಿನೀರಿನ ಕ್ರಮ ಸಲ್ಲುತ್ತದೆ. ಹಲಸಿನ ಸೊಳೆ, ಎಳೆಹಲಸು, ಕಳಲೆ, ಅಣಬೆ, ಬೀನ್ಸು, ಮಾಂಸ ಇವು ಹುಳಿಯಿಲ್ಲದ ಪದಾರ್ಥಗಳು. ಇವುಗಳಿಗೆ ಹುಳಿ ಸೇರಿಸಬೇಕು, ಇಲ್ಲವೇ ಒತ್ತಡದ ಆವಿಯಲ್ಲಿ ಸುಮಾರು 121 ಡಿಗ್ರಿ ಸೆಂಟಿಗ್ರೇಡ್ ಬಿಸಿ ಕೊಡಬೇಕು. ಉಪ್ಪುಸೊಳೆ ಕೆಡದಿರುವುದು ಭರಣಿಯನ್ನು ಮುಚ್ಚಿದ್ದರಿಂದಲ್ಲ, ಧಾರಾಳ ಉಪ್ಪಿನಿಂದ. ಆರೋಗ್ಯದ ನೆಪದಲ್ಲಿ ಉಪ್ಪು ಕಡಿಮೆ ಮಾಡಿ ಅದೇ ಭರಣಿಯಲ್ಲಿ ಮುಚ್ಚಿಟ್ಟರೆ ಅದು ಬೇರೆಯೇ ವಸ್ತುವಾಗುತ್ತದೆ.

ಘಟ್ಟದ ಮೇಲಿನವರು ಇನ್ನೊಂದು ವಿಷಯ ನೆನಪಿಡಬೇಕು. ಎತ್ತರಕ್ಕೆ ಹೋದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಷ್ಟು ಇಳಿತ. ಕರಾವಳಿಯಲ್ಲಿ 100 ಡಿಗ್ರಿಗೆ ಕುದಿಯುವ ನೀರು 1,000 ಮೀಟರ್ ಎತ್ತರದ ಕಾಫಿ ತೋಟದಲ್ಲಿ 97 ಡಿಗ್ರಿಯ ಒಳಗೇ ಕುದಿಯುತ್ತದೆ. ಆದುದರಿಂದ ಪುತ್ತೂರಿನ ನೆಂಟರು ಹೇಳಿದ ಹೊತ್ತು ಮಡಿಕೇರಿಯ ಮನೆಗೆ ಸಾಲದು. ಮನೆಯ ಕುಕ್ಕರಿನಲ್ಲಿ ಅಂದಾಜಿನ ಮೇಲೆ ಮಾಡುವುದೂ ಸಲ್ಲದು. ಉಬ್ಬಿದ, ಸೋರಿದ, ತೆರೆದಾಗ ಬುಸ್ಸೆಂದು ನೊರೆಯುಗುಳುವ ಡಬ್ಬಿಯನ್ನಾಗಲಿ ಬಾಟಲಿಯನ್ನಾಗಲಿ ರುಚಿ ನೋಡಲೂ ಬಾರದು. ಉಬ್ಬದಿರುವುದೆಲ್ಲ ಒಳ್ಳೆಯದೆಂದು ನಂಬುವಂತೆಯೂ ಇಲ್ಲ. ಈ ವಿಷ ಬಣ್ಣ, ವಾಸನೆಗಳಿಂದ ತಿಳಿಯಬೇಕೆಂದಿಲ್ಲ.

ಈ ವಿದ್ಯೆಯನ್ನು ಸರಿಯಾಗಿ ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಸೌಧದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಆಹಾರ ಸಂರಕ್ಷಣೆಯ ಬಗ್ಗೆ ಸಂಶೋಧನೆಯನ್ನೂ ತರಬೇತಿಯನ್ನೂ ನಡೆಸಿಕೊಂಡು ಬಂದಿದೆ. ಸೈನಿಕರಿಗೆ ಕೆಡದ ಆಹಾರ ಸಿದ್ಧಪಡಿಸಲು 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸ್ಥಾಪನೆಯಾದದ್ದೂ ಮೈಸೂರಿನಲ್ಲೇ. ನೆಪೋಲಿಯನ್ನನ ಕಾಲದಲ್ಲಿ ಎದ್ದ ಪ್ರಶ್ನೆಗೆ ನಮ್ಮ ಊರಿನ ಹತ್ತಿರವೇ ಇಂದಿಗೂ ಉತ್ತರ ಹುಡುಕಲಾಗುತ್ತಿದೆ. ಬಾಟಲಿ ಕೊಳ್ಳುವ ಮೊದಲು ಅಂಥಲ್ಲಿ ವಿಚಾರಿಸುವುದು ಲೇಸು.

ಕಾಫಿಗೂ ಡಬ್ಬಿಗೂ

ಕಾಫಿ ಬೆಳೆಗಾರರಿಗೆ ಸಂತೋಷ ಕೊಡುವ ಒಂದು ಸಂಗತಿಯೂ ಇದೆ. ಹುರಿದ ಕಾಫಿಯ ಘಮಲು ಗಾಳಿ ಸೋಂಕಿದರೆ ಬಹುಬೇಗ ಹೋಗುತ್ತದೆಂಬುದು ಎಲ್ಲರೂ ಬಲ್ಲದ್ದೇ. 1900ರಲ್ಲಿ ಅಮೆರಿಕದ ಸಾನ್‌ಫ್ರಾನ್ಸಿಸ್ಕೋದ ಹಿಲ್ಸ್ ಸೋದರರು ಹುರಿದ ಕಾಫಿಯನ್ನು ತಗಡಿನ ಡಬ್ಬಿಯಲ್ಲಿ ತುಂಬಿ, ಒಳಗಿನ ಗಾಳಿಯನ್ನು ಹೀರಿ ತೆಗೆದು, ಮುಚ್ಚಿ ಮಾರತೊಡಗಿದರು. ಇದರಿಂದ ಹುರಿದ ಕಾಫಿ ಬಹುದೂರದ ಅಂಗಡಿಗಳಿಗೂ ಹೋಗಲು ಅನುಕೂಲವಾಯಿತು.

ಅಪೇರನ ಮಾಸಿಯ ಕಾರ್ಖಾನೆಯನ್ನು 1814ರಲ್ಲಿ ಶತ್ರುಸೈನ್ಯ ಹಾಳುಗೆಡವಿತು. ಲೋಕಕ್ಕೆ ವಿದ್ಯೆಯನ್ನು ಉಚಿತವಾಗಿ ಕೊಟ್ಟ ಆತ 1841ರಲ್ಲಿ ಬಡತನದಲ್ಲೇ ತೀರಿಕೊಂಡ. ಡಾಂಕಿನ್ ಮಾನಸನ್ಮಾನಗಳನ್ನು ಕಂಡು, 1838ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾಗಿ, 1855ರಲ್ಲಿ ತುಂಬು ವಯಸ್ಸಿನಲ್ಲಿ ಕಾಲವಾದ. ವಿಚಾರ ಹುಟ್ಟಿಸಿದವನಿಗೂ ಅದನ್ನು ನಡೆಸಿ ತೋರಿಸಿದವನಿಗೂ ದೊರೆತ ಫಲದಲ್ಲಿ ಅಂತರವಿದೆ. ಆದರೂ ಇಬ್ಬರ ಕೆಲಸವೂ ಸೇರದಿದ್ದರೆ ಫ್ಯೂರಿಯ ದಡದಲ್ಲಿ ರಾಸನ ಸಂಗಡಿಗರಿಗೆ ಅನ್ನವಿರುತ್ತಿರಲಿಲ್ಲ.

ಬರುವ ಕೊಯ್ಲಿನಲ್ಲಿ ಕಣದ ಮೇಲಿನ ಮಾಲನ್ನು ಚೀಲಕ್ಕೆ ತುಂಬುವ ಮೊದಲು ಪ್ರತಿಯೊಬ್ಬ ಸದಸ್ಯನೂ ಒಂದು ಹಿಡಿ ತೆಗೆದು ಕಡಿದು ನೋಡಲಿ. ಸಂಶಯವಿದ್ದರೆ ಇನ್ನೊಂದು ಬಿಸಿಲು ಕಾಣಿಸಲಿ. ಒಂದು ದಿನ ತಡವಾದರೆ ನಷ್ಟ ಒಂದು ದಿನದ್ದು. ಹೆಸರು ಕೆಟ್ಟರೆ ನಷ್ಟ ಸಂಘದ ಪ್ರತಿಯೊಂದು ಮನೆಯದು.